ಮಗೆ ಮಳೆಗೆ ಹಾಕಿದ ಸೊನ್ನೆ

ಪದ್ಮಾವತಿಯವರೇ, ನಿಮ್ಮ ಸೋದರತ್ತೆ ಚಿಕ್ಕತಾಯಮ್ಮನವರಿಗೆ ಮರೆವಿನ ಕಾಯಿಲೆ ಇರಲಿಲ್ಲ. ವೃದ್ಧಾಶ್ರಮದ ಒಳಮನೆಗೆ ಅವರನ್ನು ಹಾಕಿದ ದಿನ ಇರಲಿಲ್ಲ. ಇದೆ ಎಂದು ಕಾಗದದ ಮೇಲೆ ತೋರಿಸಿದವಳು ನಾನು. ತಿಳಿಯದೆ ಮಾಡಿದ್ದಲ್ಲ — ಇಲ್ಲವೆಂದು ಗೊತ್ತಿದ್ದೇ ಮಾಡಿದೆ.

ಹೋದ ವಾರ ನೀವು ಚನ್ನರಾಯಪಟ್ಟಣದಿಂದ ಫೋನು ಮಾಡಿದಾಗಲೇ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ನೀವು ಹೆದರಿದ್ದಿರಿ. "ಒಲೆ ಮೇಲೆ ಹಾಲಿಟ್ಟು ಎರಡು ಸಲ ಮರೆತೆ ಮೇಡಂ. ನಮ್ಮ ಸ್ಕೂಲಿನ ಹಳೇ ಹೆಡ್ಮಾಸ್ಟರ್ ಎದುರಿಗೆ ಬಂದ್ರೆ ಅವರ ಹೆಸರೇ ಬಾಯಿಗೆ ಬರ್ಲಿಲ್ಲ. ನಮ್ಮತ್ತೆಗೆ ಬಂದಿದ್ದು ನಂಗೂ ಬಂತು ಅನ್ಸುತ್ತೆ. ನೀವೇ ಬಂದು ಒಂದ್ಸಲ ಕೇಳ್ಬಿಡಿ — ಅತ್ತೆಗೆ ಕೇಳ್ತಿದ್ರಲ್ಲ, ಆ ಪ್ರಶ್ನೆಗಳನ್ನ. ಬೇರೆ ಯಾರ ಮೇಲೂ ನಂಗೆ ನಂಬಿಕೆ ಇಲ್ಲ" ಎಂದಿರಿ. ನಾನು "ಆಗಲಿ, ಬರ್ತೀನಿ" ಎಂದೆ. ನಿಮ್ಮ ಆ ಕೊನೆಯ ಮಾತು — ನಂಬಿಕೆಯ ಮಾತು — ಅದಕ್ಕೆ ನಾನು ಅರ್ಹಳಲ್ಲ. ಆದ್ದರಿಂದ ಈ ಕಾಗದ.

ನನಗೆ ಯಾವುದನ್ನೂ ಕಥೆ ಮಾಡಿ ಹೇಳುವ ಚಟ. ಹೊಳೆನರಸೀಪುರದ ಮೇಷ್ಟರ ಮನೆಯಲ್ಲಿ ಹುಟ್ಟಿದವಳಾದರೂ ನನಗೆ ಮಾತು ಕಲಿಸಿದವರು ಶಾಲೆಯವರಲ್ಲ, ಜಗಲಿಯ ಮೇಲೆ ಕೂರುತ್ತಿದ್ದ ಮುದುಕ ಮುದುಕಿಯರು. ಅರಕಲಗೂಡಿನ ಕಡೆ ನಮ್ಮಜ್ಜಿಯದು ಒಂದಿಷ್ಟು ಹೊಲವಿತ್ತು. ಅವಳಿಗೆ ಓದು ಬರಹ ಇರಲಿಲ್ಲ. ಬೆರಳ ಗೆಣ್ಣುಗಳ ಮೇಲೆ ನಕ್ಷತ್ರದ ಹೆಸರಿನ ಮಳೆಗಳನ್ನು ಎಣಿಸುತ್ತಿದ್ದಳು — ರೋಹಿಣಿ, ಮೃಗಶಿರ, ಆರಿದ್ರೆ — ಒಂದೊಂದು ಮಳೆಗೆ ಹದಿಮೂರೋ ಹದಿನಾಲ್ಕೋ ದಿನ, ಅದರಲ್ಲಿ ನಾಲ್ಕು ಪಾದ. ಮೋಡವಿರಲಿ, ಬಿಸಿಲಿರಲಿ, ಹನಿ ಬೀಳಲಿ ಬಿಡಲಿ, ಮಳೆ ಮಾತ್ರ ನಡೆಯುತ್ತಲೇ ಇರುತ್ತಿತ್ತು. ಅದೇ ಅವಳ ಪಂಚಾಂಗ, ಅದೇ ಅವಳ ಗಡಿಯಾರ. ನನಗೂ ಕಲಿಸಿದಳು. ಈ ಮಾತು ಯಾಕೆ ಬರೆಯುತ್ತಿದ್ದೇನೆಂದರೆ — ನಿಮ್ಮ ಅತ್ತೆ ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಎರಡು ಸಾವಿರ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವಂತೆ ಎಂದು ಜನ ಹೆದರಿ, ಏನೂ ಕೆಡದೆ ಸುಮ್ಮನಾದ ವರ್ಷ ಅದು. ವಯಸ್ಸಾದವರ ಮರೆವಿನ ಬಗ್ಗೆ ಸಂಶೋಧನೆ ಮಾಡುವ ಒಂದು ತಂಡ ಹಾಸನಕ್ಕೆ ಬಂದಿತ್ತು. ಮರೆವು ಯಾರಿಗೆ ಬರುತ್ತದೆ, ಯಾರನ್ನು ಬಿಡುತ್ತದೆ, ತಡೆಯುವ ದಾರಿ ಉಂಟೇ, ಆಶ್ರಮಗಳಲ್ಲಿರುವವರ ದಿನಗಳು ಹೇಗಿವೆ — ಇವನ್ನೆಲ್ಲ ತಿಳಿಯಬೇಕಿತ್ತು. ಒಳ್ಳೆಯ ಕೆಲಸ. ಈಗಲೂ ಹಾಗೆಯೇ ಎನ್ನುತ್ತೇನೆ. ಪ್ರಶ್ನೆಗಳನ್ನು ಕೇಳಿ ಫಾರಂ ತುಂಬಲು ಅವರಿಗೆ ಊರಿನವರು ಬೇಕಿದ್ದರು. ನನ್ನನ್ನು ಮಾತಾಡಿಸಿದ ಡಾಕ್ಟರಮ್ಮ ಹತ್ತೇ ನಿಮಿಷಕ್ಕೆ, "ನಿಮ್ಮ ಹತ್ರ ಅಜ್ಜಿಯರು ಬಾಯಿ ಬಿಡ್ತಾರೆ, ನೀವೇ ಸರಿ" ಎಂದು ಸೇರಿಸಿಕೊಂಡರು. ನಲವತ್ತು ದಾಟಿದ ಮೇಲೆ ಸಿಕ್ಕ ಮೊದಲ ನೌಕರಿ. ಹೆಗಲಿಗೆ ಚೀಲ, ಎದೆಯ ಮೇಲೆ ಹೆಸರಿನ ಪಟ್ಟಿ. ಬಸ್ಸಿನಲ್ಲಿ ಆ ಪಟ್ಟಿಯನ್ನು ಸೆರಗಿನಿಂದ ಮುಚ್ಚದ ಹಾಗೆ ಕೂರುತ್ತಿದ್ದೆ.

ಮೊದಲ ತಿಂಗಳಲ್ಲೇ ಒಂದು ಪೆಟ್ಟು ಬಿತ್ತು. ಒಬ್ಬ ಮುದುಕರು ತಾರೀಕಿನ ಬದಲು ತಿಥಿ ಹೇಳಿದರು. ನಾನು ಸರಿ ಎಂದು ಅಂಕ ಹಾಕಿದೆ. ಫಾರಂ ಕೆಂಪು ಗುರುತಿನೊಂದಿಗೆ ಹಿಂದೆ ಬಂತು. ಡಾಕ್ಟರಮ್ಮ ಗದರಲಿಲ್ಲ. "ನಿಮಗೆ ಇವರೆಲ್ಲ ಇಷ್ಟ, ಗೊತ್ತು ನಂಗೆ. ಆದ್ರೆ ಇಷ್ಟಕ್ಕೆ ಅಂಕ ಇಲ್ಲ ಮೇಡಂ. ಫಾರಂನಲ್ಲಿರೋ ಉತ್ತರ ಬಂದ್ರೆ ಒಂದು, ಇಲ್ಲಾಂದ್ರೆ ಸೊನ್ನೆ. ಏನಾದ್ರೂ ಅನುಮಾನ ಇದ್ರೆ ಪಕ್ಕದಲ್ಲಿ ಟಿಪ್ಪಣಿ ಅಂತ ಜಾಗ ಇದೆ, ಅಲ್ಲಿ ಬರೀರಿ, ನಾನು ನೋಡ್ತೀನಿ" ಎಂದರು. ಈ ಮಾತನ್ನು ನೆನಪಿಡಿ — ಅವರು ಬಾಗಿಲು ತೆರೆದೇ ಇಟ್ಟಿದ್ದರು. ನನಗೆ ಮಾತ್ರ ಆ ಕೆಂಪು ಗುರುತು ಅವಮಾನವೆನಿಸಿತು. ಇನ್ನೊಂದು ಸಲ ಹಿಂದೆ ಬರಬಾರದು ಎಂದುಕೊಂಡೆ.

ನಿಮ್ಮ ಅತ್ತೆ ಇದ್ದ ಆಶ್ರಮ ನಿಮಗೆ ಗೊತ್ತು. ಹಾಸನ ದಾಟಿ ಚನ್ನರಾಯಪಟ್ಟಣದ ರಸ್ತೆಯಲ್ಲಿ ಬಲಕ್ಕೆ. ಹೊರಗಿನ ಸಾಲಿನಲ್ಲಿ ಗಟ್ಟಿಮುಟ್ಟಾಗಿರುವವರು. ಹಿಂದೆ, ಮರೆವು ಬಂದವರಿಗೆ ಬೇರೆ ಕೋಣೆ — ಅದನ್ನೇ ಒಳಮನೆ ಎನ್ನುತ್ತಿದ್ದರು. ನಿಮ್ಮ ತಂದೆ ತೀರಿಕೊಂಡು, ದಂಡಿಗನಹಳ್ಳಿಯ ಜಮೀನು ಹೋದ ಮೇಲೆ ನೀವು ಅವರನ್ನು ಅಲ್ಲಿಗೆ ಸೇರಿಸಿದಿರಿ. ಅದರಲ್ಲಿ ನಿಮ್ಮದೇನೂ ತಪ್ಪಿಲ್ಲ. ಹೊರಗಿನ ಸಾಲಿನಲ್ಲಿ ಅವರು ಚೆನ್ನಾಗಿದ್ದರು. ಬೆಳಗಾದರೆ ಹಿಂದಿನ ಬೇಲಿಯ ಹತ್ತಿರ ಹೋಗಿ ನಿಲ್ಲುವರು, ಆಚೆ ಹೊಲದವನಿಗೆ ಬುದ್ಧಿ ಹೇಳುವರು. ಒಂದು ದಿನ ಬೇಲಿ ದಾಟಿ ಹೋಗಿ ರಾಗಿ ಪೈರಿನಲ್ಲಿ ಕಳೆ ಕೀಳುತ್ತಾ ಕೂತಿದ್ದರಂತೆ. ಮ್ಯಾನೇಜರಿಗೆ ದಿಗಿಲು. "ಅಜ್ಜಿ ಅಲೀತಾರೆ ಮೇಡಂ, ನೀವು ಒಂದ್ಸಲ ಟೆಸ್ಟ್ ಮಾಡ್ಬಿಡಿ, ಗೊತ್ತಾಗೋಗ್ಲಿ" ಎಂದರು.

ಆ ಹೊತ್ತಿಗೆ ನನ್ನ ಪಟ್ಟಿಯಲ್ಲಿ, ಅಂಕ ಕಡಿಮೆ ಬಂದು ಒಳಮನೆಗೆ ಸೇರಿದವರು ಏಳು ಜನರಿದ್ದರು. ಎಂಟು ಬೇಕಿತ್ತು. ಎಂಟಾದರೆ ಆ ಆಶ್ರಮದಲ್ಲಿ ಕೆಲಸ ಎರಡು ವರ್ಷ ನಡೆಯುತ್ತದೆ. ಆಗದಿದ್ದರೆ ತಂಡ ಬೇರೆ ಜಿಲ್ಲೆಗೆ ಹೋಗುತ್ತದೆ, ನಾನು ಮನೆಗೆ.

ನೋಡಿ, ಕಾರಣ ಇಷ್ಟು ಸಣ್ಣದು.

ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂತೆವು. ಇವತ್ತು ತಾರೀಕು ಎಷ್ಟು ಅಜ್ಜಿ ಎಂದೆ.

"ತಾರೀಕು ಇಸ್ಕೂಲ್ ಮೇಷ್ಟ್ರುಗೆ ಬೇಕು ಕಣವ್ವ, ನಂಗ್ಯಾಕೆ. ಮಗೆ ಮಳೆ ಮೂರ್ನೇ ಪಾದ ಮುಗೀತಾ ಬಂತು. ಇನ್ನ ನಾಕ್ ದಿನಕ್ಕೆ ಉಬ್ಬೆ ಉಟ್ತದೆ."

ಯಾವ ತಿಂಗಳು?

"ಸ್ರಾವಣ. ಈ ಅಮಾಸೆ ಕಳುದ್ರೆ ಗೌರಮ್ಮ ಬತ್ತಾಳೆ. ನಿಮ್ಮನೇಲಿ ಬಾಗಿನ ಕೊಡಾಕಿಲ್ವ?"

ಯಾವ ಇಸವಿ?

"ನಮ್ ತಮ್ಮಯ್ಯ ಓಗಿ ಮೂರ್ನೇ ವರ್ಸ."

ನೂರರಲ್ಲಿ ಏಳು ಕಳೆಯಿರಿ ಎಂದೆ. "ಯಾಕ್ ಕಳೀಬೇಕು? ನೂರು ಇದ್ರೆ ನೂರೂ ಇರ್ಲಿ ಬುಡು, ನಿಂಗೇನ್ ಒಟ್ಟೆಕಿಚ್ಚು" ಎಂದು ನಕ್ಕರು. ನಾನೂ ನಕ್ಕೆ. ಮೊದಲು ಹೇಳಿದ ಮೂರು ವಸ್ತುಗಳನ್ನು ನೆನಪಿಸಿಕೊಳ್ಳಿ ಎಂದರೆ ಎರಡನ್ನು ಥಟ್ಟನೆ ಹೇಳಿ, ಮೂರನೆಯದಾದ ಮೇಜಿಗೆ, "ನೀನು ಮೊಣಕೈ ಊರ್ಕಂಡ್ ಕುಂತಿದೀಯಲ್ಲ, ಅದೇಯ. ಎಸ್ರು ಬ್ಯಾರೆ ಯೋಳ್ಬೇಕಾ" ಎಂದರು.

ನಾನು ಚೀಲದಲ್ಲಿದ್ದ ಪುಟ್ಟ ಕ್ಯಾಲೆಂಡರ್ ತೆಗೆದು ನೋಡಿದೆ. ಹುಬ್ಬೆ ಮಳೆಗೆ ಸರಿಯಾಗಿ ನಾಲ್ಕು ದಿನ. ಗೌರಿ ಹಬ್ಬ ಅವರು ಹೇಳಿದ ಕಡೆಯೇ ಇತ್ತು. ನಿಮ್ಮ ತಂದೆಯ ವಿಷಯವನ್ನು ಆಶ್ರಮದ ರಿಜಿಸ್ಟರಿನಲ್ಲಿ ನೋಡಿ ಬಂದೆ — ಮೂರನೆಯ ವರ್ಷವೇ. ಎಲ್ಲ ಸರಿ. ಫಾರಂನಲ್ಲಿದ್ದ ಉತ್ತರ ಮಾತ್ರ ಅಲ್ಲ.

ದಿನ — ಸೊನ್ನೆ. ತಿಂಗಳು — ಸೊನ್ನೆ. ಇಸವಿ — ಸೊನ್ನೆ. ಮೇಜು — ಸೊನ್ನೆ. ಲೆಕ್ಕದ್ದೂ ಸೊನ್ನೆ. ಕೂಡಿದಾಗ ಒಳಮನೆಯ ಗೆರೆಗಿಂತ ಎರಡೇ ಎರಡು ಅಂಕ ಕೆಳಗೆ ಬಂತು. ಟಿಪ್ಪಣಿಯ ಜಾಗ ಖಾಲಿ ಇತ್ತು. ಪೆನ್ನು ಕೈಯಲ್ಲೇ ಇತ್ತು. 'ಇವರು ಮಳೆ ನಕ್ಷತ್ರದಲ್ಲಿ ಸರಿಯಾಗಿ ಹೇಳಿದ್ದಾರೆ' — ಇಷ್ಟು ಬರೆದಿದ್ದರೆ ಡಾಕ್ಟರಮ್ಮ ಓದುತ್ತಿದ್ದರು, ಬಹುಶಃ ತಾವೇ ಬಂದು ಕೂರುತ್ತಿದ್ದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಏಳಿದ್ದದ್ದು ಎಂಟಾಯಿತು.

ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ — ಒಳಮನೆಯವರಿಗೆ ಹಾಲು ಹೆಚ್ಚು ಕೊಡುತ್ತಾರೆ, ವಾರಕ್ಕೊಮ್ಮೆ ಹಾಡು ಹೇಳಿಸುತ್ತಾರೆ, ನೋಡಿಕೊಳ್ಳಲು ಆಯಾ ಇದ್ದಾಳೆ, ಅಜ್ಜಿಗೆ ಒಳ್ಳೆಯದೇ ಆಯಿತು... ಹಾಗೆಲ್ಲ. ಸುಳ್ಳು ಹೇಳಿಕೊಳ್ಳುವುದಕ್ಕೂ ಒಳ್ಳೆಯ ಭಾಷೆ ಬೇಕು, ನನಗೆ ಇತ್ತು.

ಒಳಮನೆ ನೀವು ನೋಡಿದ್ದೀರಿ, ಆದರೆ ನಿಂತು ನೋಡಿಲ್ಲ. ಕಬ್ಬಿಣದ ಜಾಲರಿ ಬಾಗಿಲು, ಚಿಲಕ ಹೊರಗಡೆ. ಕಿಟಕಿ ಆಳೆತ್ತರಕ್ಕಿಂತ ಮೇಲೆ — ಅದರಲ್ಲಿ ಆಕಾಶವೂ ಕಾಣುತ್ತಿರಲಿಲ್ಲ, ಪಕ್ಕದ ಗೋದಾಮಿನ ಶೀಟು ಕಾಣುತ್ತಿತ್ತು. ಹಗಲಿರುಳೂ ಒಂದೇ ಟ್ಯೂಬ್‌ಲೈಟು. ಅಲ್ಲಿರುವವರಿಗೆ ದಿನ ಮರೆಯಬಾರದೆಂದು ತಂಡದವರೇ ಗೋಡೆಗೆ ದೊಡ್ಡ ದೊಡ್ಡ ಅಂಕಿಯ ಕ್ಯಾಲೆಂಡರ್ ಹಾಕಿಸಿದ್ದರು. ಓದಬಲ್ಲವರಿಗೆ ಅದರಿಂದ ಉಪಯೋಗವಾಗುತ್ತಿತ್ತು. ಚಿಕ್ಕತಾಯಮ್ಮನವರಿಗೆ ಅಂಕಿ ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ಆಕಾಶ, ಪೈರು, ಬೇಲಿಯಾಚೆಯವನ ಮಾತು. ಮೂರನ್ನೂ ಹೊರಗೆ ಬಿಟ್ಟು ಚಿಲಕ ಹಾಕಿದೆವು.

ಮೊದಲ ದಿನವೇ ಜಾಲರಿಗೆ ಕೈ ಹಾಕಿ ನನ್ನನ್ನು ಕರೆದರು. "ಮೇಡಮ್ಮ, ಯಾರನ್ನೋ ಆಕೋಕೋಗಿ ನನ್ನ ಆಕ್ಬುಟ್ಟವ್ರೆ ನೋಡು. ಒಸಿ ಯೋಳು ಅವ್ರಿಗೆ." ಹೇಳ್ತೀನಿ ಅಜ್ಜಿ ಎಂದೆ.

ಹೇಳಲಿಲ್ಲ. ಹೇಳಿದರೆ ಏನೆಂದು ಹೇಳಲಿ — ಫಾರಂ ಆಗಲೇ ಹಾಸನಕ್ಕೆ ಹೋಗಿತ್ತು. ಕೆಳಗೆ ನನ್ನ ಸಹಿ ಇತ್ತು.

ಕೆಲವು ದಿನವಾದ ಮೇಲೆ ಅವರು ಬಿಡಿಸು ಎಂದು ಕೇಳುವುದನ್ನು ಬಿಟ್ಟರು. ಬೇರೆ ಕೇಳಲು ಶುರು ಮಾಡಿದರು. "ಈಗ ಯಾವ ಮಳೆ ನಡೀತೈತವ್ವ? ಉಬ್ಬೆ ಮುಗೀತಾ? ಉತ್ರೆ ಬಂತಾ?" ಇಷ್ಟೇ. ಹೋದಾಗಲೆಲ್ಲ ಇದೊಂದೇ ಪ್ರಶ್ನೆ.

ಇಲ್ಲಿಂದ ಮುಂದಿನದನ್ನು ಬರೆಯಲು ನಾಲ್ಕು ದಿನ ತಡೆದೆ ಪದ್ಮಾವತಿಯವರೇ. ನಮಗೆ ಒಂದು ನಿಯಮವಿತ್ತು: ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೂ, ಮುಂದೆ ಪರೀಕ್ಷೆಯಲ್ಲಿ ಕೇಳಬೇಕಾದ ಉತ್ತರಗಳನ್ನು ಪ್ರಶ್ನೆ ಕೇಳುವವರು ನಡುವೆ ಬಾಯಿಬಿಟ್ಟು ಹೇಳಿಕೊಡಬಾರದು, ದಿನ, ತಿಂಗಳು ಮುಖ್ಯವಾಗಿ. ಅದು ದಿನ ತಿಂಗಳಿನ ಮಾತು. ಮಳೆಯ ಮಾತು ಅದರಲ್ಲಿ ಎಲ್ಲಿತ್ತು? ಅವರು ಮಳೆಯಲ್ಲಿ ಹೇಳಿದಾಗ ಅದು ಉತ್ತರವೇ ಅಲ್ಲ ಎಂದು ಸೊನ್ನೆ ಹಾಕಿದವಳು, ಅವರು ಮಳೆ ಕೇಳಿದಾಗ ಮಾತ್ರ ಅದು ಉತ್ತರವೆಂದು ಬಾಯಿ ಮುಚ್ಚಿಕೊಂಡೆ. ನಗುವೆ, ಮಾತು ತಿರುಗಿಸುವೆ, "ಊಟ ಆಯ್ತಾ ಅಜ್ಜಿ" ಎನ್ನುವೆ. ಉತ್ತರೆ ಹೋಯಿತು, ಹಸ್ತೆ ಹೋಯಿತು, ಚಿತ್ತೆ ಹೋಯಿತು. ಜಾಲರಿಯ ಈಚೆ ನಿಂತು ನಾನು ಎಲ್ಲವನ್ನೂ ಎಣಿಸುತ್ತಿದ್ದೆ. ನಾನು ಹೇಳದಿದ್ದದ್ದಕ್ಕೆ ನಿಯಮ ಕಾರಣವಲ್ಲ. ಅವರು ಎಣಿಕೆ ಉಳಿಸಿಕೊಂಡರೆ ನನ್ನ ಫಾರಂ ಸುಳ್ಳಾಗುತ್ತದೆ — ಆ ಭಯ ಕಾರಣ.

ತಿಂಗಳಿಗೊಮ್ಮೆ ಇನ್ನೊಂದು ಫಾರಂ ಇತ್ತು, ಜೀವನ ಹೇಗಿದೆ ಎಂದು ಕೇಳುವುದು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ — ಬೆರಳಿಟ್ಟು ತೋರಿಸಬೇಕು. ಊಟಕ್ಕೆ ನಗುವ ಮುಖ ತೋರಿಸಿದರು. ಹಾಸಿಗೆಗೂ ಅದೇ. ಆಯಾಳಿಗೂ ಅದೇ. ಒಳ್ಳೆಯ ಮನಸ್ಸಿನವರು, ಯಾರನ್ನೂ ದೂರಲಿಲ್ಲ. ಹೊರಗೆ ಹೋಗಬೇಕು ಅನ್ನಿಸುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ಇರದಿದ್ದುದಕ್ಕೆ ನನಗೆ ಸಮಾಧಾನವಾಗುತ್ತಿತ್ತು.

ನೀವು ಬಂದದ್ದು ಆ ಕಾರ್ತಿಕದಲ್ಲಿ, ಒಂದು ಭಾನುವಾರ. ಅವರು ನಿಮ್ಮ ಕೈ ಹಿಡಿದುಕೊಂಡು, "ಪದ್ಮಿ, ಕರ್ಕೊಂಡೋಗವ್ವ, ಇಲ್ಲಿ ಒತ್ತು ಮುಳುಗೋದೇ ಗೊತ್ತಾಗಾಕಿಲ್ಲ" ಎಂದು ಅತ್ತರು. ನೀವು ಹೊರಗೆ ಬಂದು ನನ್ನನ್ನು ಕೇಳಿದಿರಿ, ನಿಜವಾಗಿಯೂ ಅಷ್ಟೊಂದು ಕೆಟ್ಟಿದೆಯಾ ಎಂದು. ಆಗ ನಾನು ಹೇಳಿದ ಮಾತು ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ: "ಅವರಿಗೆ ಈಗ ತಿಂಗಳು ಕೂಡ ಗೊತ್ತಾಗಲ್ಲ. ನೀವು ಬಂದು ಹೋದ್ರೆ ಇನ್ನೂ ಗಲಿಬಿಲಿ ಆಗುತ್ತೆ. ಸ್ವಲ್ಪ ದಿನ ಬಿಟ್ಟು ಬನ್ನಿ."

ನೀವು ನಂಬಿದಿರಿ. ಯುಗಾದಿಯವರೆಗೂ ಬರಲಿಲ್ಲ.

ಸ್ವಾತಿ ಮಳೆ ಇರಬೇಕು, ಇಲ್ಲ ವಿಶಾಖೆ — ಅವರು ಕೇಳುವುದನ್ನು ನಿಲ್ಲಿಸಿದರು. ನನಗೆ ಮೊದಲು ಅದು ಹಗುರ ಎನಿಸಿತು ಎಂದರೆ ನೀವು ನನ್ನನ್ನು ಏನೆನ್ನುತ್ತೀರೋ. ಆಮೇಲೆ ಅವರು ಗೋಡೆಯ ಕಡೆ ತಿರುಗಿ ಮಲಗಲು ಶುರು ಮಾಡಿದರು. ಬೆಳಿಗ್ಗೆ ತಿಂದು ಮಧ್ಯಾಹ್ನಕ್ಕೆ ತಿಂದೇ ಇಲ್ಲ ಎನ್ನುವುದು, ಆಯಾಳನ್ನು ತಮ್ಮ ತಾಯಿಯ ಹೆಸರಿನಿಂದ ಕರೆಯುವುದು... ನಿಜವಾದ ಮರೆವು. ಅದು ಹೇಗಿರುತ್ತದೆಂದು ಉಳಿದ ಏಳು ಜನರಲ್ಲಿ ನೋಡಿದ್ದೆ.

ಸಂಕ್ರಾಂತಿ ಕಳೆದು, ಶಿವರಾತ್ರಿಗೆ ಮುಂಚೆ, ಎರಡನೆಯ ಪರೀಕ್ಷೆ. ಅದೇ ಮೇಜನ್ನು ಒಳಗೆ ತರಿಸಿದೆ. ಈಗ ಯಾವ ತಿಂಗಳು ಅಜ್ಜಿ ಎಂದೆ. ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟರು. ಅಲ್ಲಿಂದ ಎಲ್ಲಿಗೆ ಹೋಗಬೇಕೋ ತಿಳಿಯದೆ ಅಲ್ಲೇ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ,

"ನಾನು ಕೇಳ್ದಾಗ ನೀನು ಯೋಳ್ನಿಲ್ಲ. ಈಗ ನನ್ನ ಕೇಳ್ತೀಯ" ಎಂದರು.

ಸೊನ್ನೆ ಹಾಕಿದೆ. ಈ ಸಲದ್ದು ಪ್ರಾಮಾಣಿಕವಾದ ಸೊನ್ನೆ. ನನ್ನ ಮೊದಲ ಫಾರಂ ನಿಜವಾಗಿ ಹೋಯಿತು. ಕಾಗದಕ್ಕೆ ತಕ್ಕಂತೆ ಮನುಷ್ಯರನ್ನು ಮಾಡಿಟ್ಟೆ.

ಹಾಸನದಲ್ಲಿ ತಂಡದ ಸಭೆ ನಡೆದಾಗ ನನ್ನ ಫಾರಂಗಳನ್ನು ಎತ್ತಿ ತೋರಿಸಿದರು — ಒಂದೂ ಹಿಂದೆ ಬಂದಿಲ್ಲ, ಎಲ್ಲರೂ ಹೀಗೆ ತುಂಬಬೇಕು ಎಂದು. ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮನಿಗೆ ಸಭೆ ಮುಗಿದ ಮೇಲೆ ಹೇಳಿಬಿಡಬೇಕೆಂದು ಅವರ ಕುರ್ಚಿಯವರೆಗೂ ಹೋದೆ. "ಏನ್ ಮೇಡಂ" ಎಂದರು. ಮುಂದಿನ ತಿಂಗಳ ಫಾರಂ ಎಷ್ಟು ಬೇಕು ಎಂದು ಕೇಳಿ ಬಂದೆ.

ಮರು ವರ್ಷ ಆಷಾಢದಲ್ಲಿ ನಿಮ್ಮ ಅತ್ತೆ ಒಳಮನೆಯಲ್ಲೇ ತೀರಿಕೊಂಡರು. ನೀವು ಬಂದಿರಿ, ನನ್ನ ಕೈ ಹಿಡಿದು, ಅಷ್ಟು ಚೆನ್ನಾಗಿ ನೋಡಿಕೊಂಡಿರಿ ಎಂದಿರಿ.

ಇನ್ನೊಂದು ಉಳಿದಿದೆ. ಆ ನೂರರಲ್ಲಿ ಏಳು ಕಳೆಯುವ ಮಾತು — ಅದನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರ ಹಾಗೆಯೇ ದನಿ ಮಾಡಿ ಹೇಳುತ್ತೇನೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿಮಗೂ ಹೇಳಿದ್ದೆ, ಹನ್ನೆರಡನೆಯ ದಿನದ ಊಟಕ್ಕೆ ಬಂದಾಗ. ನೀವೂ ಕಣ್ಣೀರಿನಲ್ಲೇ ನಕ್ಕಿರಿ. ಒಂಬತ್ತು ವರ್ಷದಿಂದ ಆ ಕಥೆಯನ್ನು ನಗು ಬರುವ ಕಡೆಗೇ ನಿಲ್ಲಿಸುತ್ತಾ ಬಂದಿದ್ದೇನೆ. ಇನ್ನು ಮೇಲೆ ಹೇಳುವುದಿಲ್ಲ.

ಡಾಕ್ಟರಮ್ಮನಿಗೂ ಇಂದೇ ಬರೆದಿದ್ದೇನೆ, ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ. ಆ ಎಂಟರಲ್ಲಿ ಒಂದನ್ನು ತೆಗೆಯಲೇಬೇಕು. ಅದರಿಂದ ಅವರ ಕೆಲಸಕ್ಕೆ ಏನಾಗುತ್ತದೋ, ನನಗೆ ಏನು ಮಾಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದವರನ್ನು ಕೇಳಲು ಹತ್ತು ತಿಂಗಳಿತ್ತು, ಜಾಲರಿಯ ಆಚೆಗೇ ಇದ್ದರು.

ನಿಮ್ಮನ್ನು ಪರೀಕ್ಷೆ ಮಾಡಲು ನಾನು ಬರುವುದಿಲ್ಲ ಪದ್ಮಾವತಿಯವರೇ. ನಿಮಗೆ ಮರೆವು ಬರುವುದಿಲ್ಲ ಎಂದು ಹೇಳುವ ಯೋಗ್ಯತೆಯೂ ನನಗಿಲ್ಲ. ಹಾಲು ಉಕ್ಕಿದ್ದಕ್ಕೆ ಅರ್ಥವೇನೆಂದು ತಿಳಿದವರು ಹೇಳಲಿ. ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡಬೇಡಿ. ಅಲ್ಲಿ ಅವರು ಮೊದಲು ಕೇಳುವುದು, ನಿಮ್ಮ ವಂಶದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು. ಆಗ ಅತ್ತೆಗೆ ಇತ್ತು ಎನ್ನಬೇಡಿ. ಈ ಕಾಗದವನ್ನು ಅವರ ಮೇಜಿನ ಮೇಲಿಡಿ, ಓದಿ ಮುಗಿಸುವವರೆಗೂ ಎದುರಿಗೇ ಕೂತಿರಿ.